ಹನ್ನೊಂದು ದಿನ ಕೋಲು ಇರಲಿಲ್ಲ

ಎರಡು ಸೇರು ಅವರೆಕಾಳು ನೆನೆಹಾಕಿದ್ದೆ; ಅರ್ಧದಷ್ಟು ಹಿದುಕಿ ಆಗಿತ್ತು. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ತಟ್ಟೆಗೆ ಹಾರುತ್ತದೆ. ಒಂದೊಂದು ತಟ್ಟೆಯನ್ನೂ ದಾಟಿ ಅಂಗಳಕ್ಕೆ ಹೋಗುತ್ತದೆ, ಅದಕ್ಕೆಂದೇ ಕೋಳಿಗಳು ಕಾದಿರುತ್ತವೆ. ಹಾಗೆ ಹಾರಿದ ಒಂದು ಬೇಳೆ ಹೊಳೆಯುವ ಕರಿ ಬೂಟಿನ ಮೇಲೆ ಬಿತ್ತು. ತಲೆ ಎತ್ತಿದೆ. ನನ್ನ ತಂಗಿಯ ಮಗ ಚನ್ನರಾಯಪ್ಪ ಒಂದು ಕೈಯಲ್ಲಿ ಸೂಟ್‌ಕೇಸು ಹಿಡಿದು, ಇನ್ನೊಂದು ಕೈಯಲ್ಲಿ ಕರವಸ್ತ್ರ ತೆಗೆದು ಬೂಟು ಒರೆಸಿಕೊಳ್ಳುತ್ತಿದ್ದ.

"ಹೆಂಗಿದೀಯ ದೊಡ್ಡಮ್ಮ?"

"ಇದೀನಪ್ಪ. ಬೂಟು ಬಿಚ್ಚಿ ಕೈ ತೊಳ್ಕೊಂಡು ಬಾ. ಒಂದು ಹಿಡಿ ಹಿದುಕು."

"ನಂಗೆ ಟೈಮಿಲ್ಲ."

"ಟೈಮಿಲ್ದೋನು ದೇವರಾಯಸಮುದ್ರಕ್ಕೆ ಯಾಕೆ ಬಂದೆ?"

ಅವನು ನನ್ನ ಮನೆಗೆ ಬಂದು ಎರಡು ವರ್ಷದ ಮೇಲಾಗಿತ್ತು. ಬಂದನೆಂದರೆ ಏನೋ ಬೇಕಾಗಿದೆ ಎಂದೇ ಅರ್ಥ. ಬೆಂಗಳೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾನೆ. ಮಾಲೂರಿನಲ್ಲಿ ಮನೆ ಮಾಡಿ ದಿನವೂ ರೈಲಿನಲ್ಲಿ ಓಡಾಡುತ್ತಾನೆ. ಮನೆಯ ಬಾಗಿಲಲ್ಲಿ ಹಿತ್ತಾಳೆಯ ಫಲಕ ಹಾಕಿಸಿದ್ದಾನೆ, 'ಡಾ. ಚನ್ನರಾಯಪ್ಪ' ಎಂದು. ಅದನ್ನು ಕೆತ್ತಿಸಿ ಆರು ವರ್ಷವಾಯಿತು. ಡಾಕ್ಟರೇಟು ಮಾತ್ರ ಇನ್ನೂ ಬಂದಿಲ್ಲ. ಅಕ್ಕಪಕ್ಕದವರು ಜ್ವರದ ಮಕ್ಕಳನ್ನು ಎತ್ತಿಕೊಂಡು ಬರಲು ಶುರುವಾದ ಮೇಲೆ ಅವನ ಹೆಂಡತಿ ಭಾರತಮ್ಮ ಆ 'ಡಾ' ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರು ಅಂಟಿಸಿದಳು. ಮಳೆಗೆ ಬಿಚ್ಚಿಹೋದಾಗಲೆಲ್ಲ ಹೊಸದು ಅಂಟಿಸುತ್ತಾಳೆ. ನನ್ನ ಎದುರಿಗೇ ಒಮ್ಮೆ ಅಂಟಿಸಿದ್ದಳು. "ಗಾಯ ಮಾಯೋ ಹಂಗೆ ಕಾಣ್ತಿಲ್ಲ ದೊಡ್ಡಮ್ಮ" ಎಂದಿದ್ದಳು.

ಅವನು ಕೈ ತೊಳೆದು ಬಂದು ಜಗಲಿಯ ತುದಿಯಲ್ಲಿ ಕೂತ. ನಾಲ್ಕು ಕಾಳು ಹಿದುಕಿದ. ನಾಲ್ಕೂ ಕೋಳಿಗೆ ಹೋದವು.

"ಆ ನೋಟ್‌ಬುಕ್ಕು ಇದೆಯಾ ದೊಡ್ಡಮ್ಮ? ಕೆರೆ ನೋಟ್‌ಬುಕ್ಕು."

"ಐತೆ."

"ಅದು ಬೇಕು. ಇವತ್ತು ಮೂರು ಗಂಟೆ ಒಳಗೆ ಮುಳಬಾಗಿಲಲ್ಲಿ ರಿಜಿಸ್ಟರ್ ಪೋಸ್ಟ್ ಮಾಡ್ಬೇಕು. ಮೂವತ್ತೊಂದನೇ ತಾರೀಕಿಗೆ ನನ್ನ ಡಾಕ್ಟರೇಟಿನ ಸಂಸ್ಥೆಗೆ ಸೇರ್ಲಿಲ್ಲ ಅಂದ್ರೆ ನನ್ನ ಹೆಸರೇ ಹೊಡೆದುಹಾಕ್ತಾರೆ. ಒಂಬತ್ತು ವರ್ಷ ನೀರಿಗೆ ಹೋಯ್ತು ಅಂತ."

ಸಮುದ್ರದ ಇಂಜಿನಿಯರಿಂಗಿನಲ್ಲಿ ಡಾಕ್ಟರೇಟು ಪಡೆಯಲು ಏನೇನು ಆಗಬೇಕು ಎಂಬುದನ್ನು ನಾನು ಅವನ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ನನಗೇ ಒಂದು ಕೊಟ್ಟುಬಿಡಬಹುದು. ಕಡಲ ದಂಡೆಯ ಒಂದು ದೊಡ್ಡ ಸಂಸ್ಥೆಗೆ ಅವನು ಸೇರಿದ್ದು ಎಪ್ಪತ್ತೆಂಟರಲ್ಲಿ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮೊದಲು ಎರಡು ವರ್ಷ ಅಲ್ಲೇ ಉಳಿದು ಪಾಠ ಕೇಳಬೇಕು. ಅಲೆಯ ಪಾಠ, ಮರಳಿನ ಪಾಠ, ಕಬ್ಬಿಣ ತುಕ್ಕು ಹಿಡಿಯುವ ಪಾಠ. ಅದು ಮುಗಿದ ಮೇಲೆ ಒಂದು ದೊಡ್ಡ ಪರೀಕ್ಷೆ, ಬರೆದೂ ಆಗಬೇಕು, ಐದು ಜನ ಮೇಷ್ಟ್ರುಗಳ ಮುಂದೆ ನಿಂತು ಬಾಯಲ್ಲೂ ಹೇಳಬೇಕು. ಅವನು ಮೊದಲನೇ ಸಲ ಬಾಯಿ ಪರೀಕ್ಷೆಯಲ್ಲಿ ಬಿದ್ದ, ಆ ಮಾತನ್ನು ಭಾರತಮ್ಮ ಹೇಳಿದ್ದು, ಅವನಲ್ಲ. ಪರದೇಶದ ಭಾಷೆ ಒಂದು ಕಲಿಯಬೇಕೆಂದು ಜರ್ಮನ್ ಹಿಡಿದ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ಪುಟ ಇಂಗ್ಲಿಷಿಗೆ ಮಾಡಿದರೆ ಸಾಕಂತೆ. ಅದಾದ ವರ್ಷ ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಉಪ್ಪನ್ನು ಜರ್ಮನ್ನಿನಲ್ಲಿ ಕೇಳಿದ್ದ. ನಾನು ಕೊಡಲಿಲ್ಲ. ಆಮೇಲೆ ಸೆಮಿನಾರು, ಆಮೇಲೆ ಒಂದು ಲೇಖನ ಅಚ್ಚಾಗಬೇಕು, ಆಮೇಲೆ ಪ್ರಬಂಧದ ಐದು ಪ್ರತಿ ರಟ್ಟು ಹಾಕಿಸಿ ಕೊಡಬೇಕು. ಟೈಪು ಮಾಡಿದವಳು ಭಾರತಮ್ಮ. ಅದನ್ನು ಇಬ್ಬರು ಪರೀಕ್ಷಕರು ಓದುತ್ತಾರೆ, ಒಬ್ಬ ನಮ್ಮ ದೇಶದವನು, ಒಬ್ಬ ಹೊರಗಿನವನು. ಅವರು ಸರಿ ಎಂದ ಮೇಲೆ ಕೊನೆಯದಾಗಿ ಎಲ್ಲರ ಮುಂದೆ ನಿಂತು ತನ್ನ ಕೆಲಸ ತನ್ನದೇ ಎಂದು ವಾದಿಸಿ ಒಪ್ಪಿಸಬೇಕು. ಇಷ್ಟನ್ನೂ ಅವನು ಮೆಟ್ಟಿಲು ಹತ್ತಿದ ಹಾಗೆ ಹೇಳುತ್ತಿದ್ದ. ನಾನು ಕೇಳುತ್ತಿದ್ದೆ. ಇಷ್ಟರಲ್ಲಿ ಎಲ್ಲಿಯೂ ಸಮುದ್ರದ ನೀರು ಮುಟ್ಟಬೇಕು ಎಂದು ಅವನು ಹೇಳಿದ್ದು ನನಗೆ ನೆನಪಿಲ್ಲ.

ಅವನು ಮುಟ್ಟಿದ್ದು ನಮ್ಮ ಕೆರೆಯ ನೀರು. ಕಡಲಲ್ಲಿ ಅಲೆಯ ಹೊಡೆತ ತಡೆಯಲು ಕಲ್ಲಿನ ಒಡ್ಡು ಹಾಕುತ್ತಾರಲ್ಲ, ಅದೇ ಅವನ ವಿಷಯ. ಕಡಲಲ್ಲಿ ಅಳೆಯಲು ದೋಣಿ ಬೇಕು, ಯಂತ್ರ ಬೇಕು. ಕೆರೆಯ ಏರಿಗೂ ಕಲ್ಲು ಜೋಡಿಸಿರುತ್ತಾರೆ, ಗಾಳಿಗೆ ಅಲ್ಲಿಯೂ ಅಲೆ ಬಂದು ಬಡಿಯುತ್ತದೆ. ಚಿಕ್ಕ ಅಲೆಯ ಲೆಕ್ಕ ಸರಿಹೋದರೆ ದೊಡ್ಡದಕ್ಕೂ ಹೊಂದುತ್ತದೆ ಎಂದು ಅವನ ಗೈಡು ಒಪ್ಪಿದರಂತೆ. ಎಂಬತ್ತೊಂದರ ಅಕ್ಟೋಬರಿನಲ್ಲಿ ಏರಿಯಿಂದ ಹತ್ತು ಮಾರು ದೂರದಲ್ಲಿ ನೀರೊಳಗೆ ಒಂದು ಕೋಲು ನೆಡಿಸಿದ. ಅಂಗುಲ ಅಂಗುಲಕ್ಕೆ ಕಪ್ಪು ಬಿಳುಪು ಪಟ್ಟೆ, ಪಕ್ಕದಲ್ಲಿ ಅಂಕಿ. ಬೆಳಿಗ್ಗೆ ಹತ್ತು ಅಲೆ, ಸಂಜೆ ಹತ್ತು ಅಲೆ, ಮೇಲೆ ಎಷ್ಟಕ್ಕೆ ಏರಿತು, ಕೆಳಗೆ ಎಷ್ಟಕ್ಕೆ ಇಳಿಯಿತು ಎಂದು ನೋಡಿ ಬರೆಯಬೇಕು.

ನೋಡಿ ಬರೆಯಲು ಒಬ್ಬರು ಬೇಕಾಗಿತ್ತು. ನಾನು ಆಗ ರಾತ್ರಿ ಶಾಲೆಗೆ ಹೋಗಿ ಒಂದೂವರೆ ವರ್ಷವಾಗಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಅಕ್ಷರ ಕಲಿತವಳಿಗೆ ಬರೆಯಲು ಏನಾದರೂ ಸಿಕ್ಕರೆ ಸಾಕು ಅನ್ನುವ ಕಾಲ. ಬಟ್ಟೆ ಒಗೆಯಲು ಹೇಗೂ ಕೆರೆಗೆ ಹೋಗುತ್ತಿದ್ದೆ. ಒಪ್ಪಿಕೊಂಡೆ. ಅವನು ನನಗೆ ಹೇಳಿದ್ದು ಒಂದೇ ಮಾತು.

"ಕಣ್ಣಿಗೆ ಕಂಡಿದ್ದು ಬರಿ. ಕಾಣದ್ದು ಬರೀಬೇಡ."

ಅಷ್ಟು ವರ್ಷದಲ್ಲಿ ಅವನು ಆಡಿದ ಒಳ್ಳೆಯ ಮಾತು ಅದೊಂದೇ. ನಾನು ಅದನ್ನು ಹಿಡಿದುಕೊಂಡೆ, ಅವನು ಬಿಟ್ಟುಬಿಟ್ಟ.

ನವೆಂಬರಿನಲ್ಲಿ ಪೂರ್ವದ ಕಡಲಲ್ಲಿ ಚಂಡಮಾರುತ ಎದ್ದು ಇಲ್ಲಿಯವರೆಗೂ ಮಳೆ ಸುರಿಯಿತು. ಏಳು ವರ್ಷಕ್ಕೆ ಕೆರೆ ತುಂಬಿ ಕೋಡಿ ಹರಿಯಿತು. ಕೋಡಿ ಹರಿದರೆ ಗಂಗಮ್ಮನ ಪೂಜೆಯಾಗಬೇಕು, ಪೂಜೆಗೆ ಅಲ್ಲೊಂದು ಕಂಬ ನಿಲ್ಲಿಸಿ ಬೇವಿನ ಸೊಪ್ಪು ಕಟ್ಟುತ್ತಾರೆ. ಗದ್ದೆಗಳಿಗೆ ಕೆರೆಯ ನೀರು ಬಿಡುವ ನೀರಗಂಟಿ ಆವಲಪ್ಪ ಹೋಗಿ ಚನ್ನರಾಯಪ್ಪನ ಕೋಲನ್ನೇ ಕಿತ್ತು ತಂದ.

"ಈ ಕೋಲು ನಿಂತ ತಿಂಗಳಿಗೆ ನೀರು ಬಂತು ಕಣಮ್ಮ. ಏಳೇಂಡ್ಲಾಗಿ ರಾನಿ ತಲ್ಲಿ, ಏಳು ವರ್ಷ ಬರದ ತಾಯಿ, ಈ ಕೋಲು ನೋಡಿ ಬಂದವ್ಳೆ. ಬೇರೆ ಕಂಬ ಯಾಕೆ?" ಎಂದ.

ಯಾರಿಗೂ ಇಲ್ಲ ಎನ್ನಲು ಕಾರಣ ಕಾಣಲಿಲ್ಲ. ಕೋಲನ್ನು ಕೋಡಿಯಲ್ಲಿ ನೆಟ್ಟರು. ಪಟ್ಟೆಗಳ ಮೇಲೆ ಅರಿಸಿನ ಬಳಿದ ಕೈಗಳಲ್ಲಿ ನನ್ನದೂ ಒಂದು; ಅದನ್ನು ಮುಚ್ಚಿಡುವುದಿಲ್ಲ. ಹನ್ನೊಂದನೇ ದಿನದ ಪೂಜೆಯಾಗುವ ತನಕ ಅದನ್ನು ಅಲುಗಿಸುವ ಹಾಗಿರಲಿಲ್ಲ. ಆ ಹನ್ನೊಂದು ದಿನ ಗಾಳಿ ಹುಚ್ಚೆದ್ದು ಬೀಸಿತು, ಅಲೆ ಏರಿಯ ಕಲ್ಲಿಗೆ ಬಡಿದು ನೀರು ದಾರಿಗೆ ಹಾರಿತು. ನಾನು ಬೆಳಿಗ್ಗೆಯೂ ಸಂಜೆಯೂ ಹೋದೆ, ನೋಡಿದೆ, ತಾರೀಕು ಹಾಕಿ 'ಕೋಲು ಇಲ್ಲ' ಎಂದು ಬರೆದು ಬಂದೆ. ಚನ್ನರಾಯಪ್ಪ ಆಗ ಜರ್ಮನ್ ಪರೀಕ್ಷೆಗೆ ಹೋಗಿದ್ದ. ಬಂದ ಮೇಲೆ ನೋಟ್‌ಬುಕ್ಕಿನ ಅಂಕಿಗಳನ್ನೆಲ್ಲ ತನ್ನ ಪುಸ್ತಕಕ್ಕೆ ಇಳಿಸಿಕೊಂಡು ಹೋದ. ನಾನು ಅಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ.

ಮುಗಿದಿರಲಿಲ್ಲ ಎಂದು ಈಗ ಜಗಲಿಯ ಮೇಲೆ ಗೊತ್ತಾಯಿತು. ಅವನು ಸೂಟ್‌ಕೇಸು ತೆರೆದು ಹೊಸ ನೋಟ್‌ಬುಕ್ಕೊಂದನ್ನು ತೆಗೆದ. ಹಳೆಯದರಂತೆಯೇ ನೀಲಿ ರಟ್ಟು, ನೂರು ಪುಟ. ಹುಡುಕಿಯೇ ತಂದಿರಬೇಕು.

"ದೊಡ್ಡಮ್ಮ, ಹಳೇದನ್ನ ನೋಡ್ಕೊಂಡು ಇದರಲ್ಲಿ ಇಳಿಸಿಬಿಡು. ನಿನ್ನ ಕೈಯಲ್ಲೇ ಆಗ್ಬೇಕು, ಯಾಕಂದ್ರೆ ಪ್ರಬಂಧದಲ್ಲಿ ನಿನ್ನ ಒಂದು ಪುಟದ ಫೋಟೊ ಹಾಕಿದೀನಿ. ನಡುವೆ ಒಂದು ಹನ್ನೊಂದು ದಿನ ನಾನು ಹೇಳಿದ ಅಂಕಿ ಬರ್ಕೊ, ಅಷ್ಟೆ."

"ಯಾವ ಹನ್ನೊಂದು ದಿನ?"

ಅವನು ಕಾಳು ಹಿದುಕತೊಡಗಿದ. ಈ ಸಲ ಚೆನ್ನಾಗಿಯೇ ಹಿದುಕಿದ.

"ಅದೇ, ಕೋಡಿ ಹರಿದಾಗ."

"ಆಗ ಕೋಲೇ ಇರಲಿಲ್ಲವಲ್ಲೋ."

"ಕೋಲಿಲ್ದಿದ್ರೆ ಏನಾಯ್ತು? ಗಾಳಿ ಬೀಸಿದ್ದು ಸುಳ್ಳಾ? ಅಲೆ ಎದ್ದಿದ್ದು ಸುಳ್ಳಾ? ಆ ಗಾಳಿಗೆ ಎಷ್ಟು ಎದ್ದಿರ್ತದೆ ಅಂತ ಸೂತ್ರ ಇದೆ. ಲೆಕ್ಕ ಹಾಕಿ ಬರ್ದೆ. ನನ್ನ ಪ್ರಬಂಧದಲ್ಲಿ ದೊಡ್ಡ ಅಲೆ ಅಂತ ಇರೋದೇ ಆ ಹನ್ನೊಂದು ದಿನ."

"ಅಲೆ ಎದ್ದಿತ್ತು. ಎಷ್ಟು ಎದ್ದಿತ್ತು ಅಂತ ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

"ಆ ಹಾಲೆಂಡಿನೋನಿಗೆ ಗೊತ್ತಾಯ್ತಲ್ಲ, ಅದೇ ಕಷ್ಟ" ಎಂದ.

ಹಾಲೆಂಡಿನವನೆಂದರೆ ಹೊರದೇಶದ ಪರೀಕ್ಷಕ. ಹೋದ ವರ್ಷ ಜನವರಿ ಕೊನೆಗೆ ಅವನ ಪ್ರಶ್ನೆ ಬಂದಿತ್ತಂತೆ. ಉತ್ತರ ಕೊಡಲು ಒಂದು ವರ್ಷ ಗಡುವು. ಅಳತೆ ಮಾಡಿದವರ ಮೂಲ ಪುಸ್ತಕವನ್ನು ಉತ್ತರದ ಜೊತೆ ಕಳಿಸಬೇಕು, ಅದಿಲ್ಲದೆ ಕೊನೆಯ ವಾದಕ್ಕೆ ಕರೆಯುವುದಿಲ್ಲ. ಹನ್ನೆರಡು ತಿಂಗಳಲ್ಲಿ ಹನ್ನೊಂದೂಮುಕ್ಕಾಲು ತಿಂಗಳನ್ನು ಇವನು ಆ ಪರೀಕ್ಷಕನಿಗೆ ತಲೆಯಿಲ್ಲ ಎಂದು ಎಲ್ಲರಿಗೂ ಹೇಳುತ್ತ ಕಳೆದಿದ್ದಾನೆ. ಕೊನೆಯ ವಾರದಲ್ಲಿ, ಇನ್ನು ಮೂರೇ ದಿನ ಇರುವಾಗ, ನಾನು ನೆನಪಾಗಿದ್ದೇನೆ.

ನನಗೆ ಕೋಪ ಬರಲಿಲ್ಲ. ಕಳ್ಳತನ ಮಾಡಲಾದರೂ ಒಂದು ಧೈರ್ಯ ಬೇಕು. ಇವನು ಕದ್ದು ಆರು ವರ್ಷವಾದ ಮೇಲೆ ಮುದುಕಿಯ ಕೈ ಹಿಡಿದು ಗೋಡೆಗೆ ಕನ್ನ ಕೊರೆಯಲು ಬಂದಿದ್ದ.

"ಕೊಡು ಪೆನ್ನು" ಎಂದೆ. "ಹೇಳು."

ಅವನ ಮುಖ ಅರಳಿತು. ಸೂಟ್‌ಕೇಸಿನಿಂದ ಕಾಗದ ತೆಗೆದು ಓದಲು ಶುರುಮಾಡಿದ. ಹದಿನಾಲ್ಕನೇ ತಾರೀಕು ಬೆಳಿಗ್ಗೆ, ಹನ್ನೊಂದು ಅಂಗುಲ, ಹನ್ನೆರಡು, ಹನ್ನೊಂದೂವರೆ. ನಾನು ನಿಧಾನವಾಗಿ ಬರೆದೆ. ನನ್ನ ಬರವಣಿಗೆ ಮೊದಲಿನಿಂದಲೂ ನಿಧಾನ. ಅವನು ಸಂಜೆಯದು ಹೇಳಿದ, ಮರುದಿನದ್ದು ಹೇಳಿದ. ಅಂಕಿಗಳು ಮಗ್ಗಿ ಒಪ್ಪಿಸಿದ ಹಾಗೆ ಅಚ್ಚುಕಟ್ಟಾಗಿ ಏರಿ ಅಚ್ಚುಕಟ್ಟಾಗಿ ಇಳಿಯುತ್ತಿದ್ದವು. ನಿಜವಾದ ಅಲೆ ಹಾಗಿರುವುದಿಲ್ಲ. ಐದು ಚಿಕ್ಕದು ಬಂದು, ಒಂದು ದೊಡ್ಡದು ಬಂದು, ಆಮೇಲೆ ಏನೂ ಇಲ್ಲದೆ ಸುಮ್ಮನಾಗಿ, ಬಟ್ಟೆ ಹಿಂಡಲು ತಿರುಗಿದಾಗ ಒಂದು ಬಂದು ಸೀರೆ ನೆನೆಸುತ್ತದೆ. ಅವನು ಹನ್ನೊಂದನೇ ದಿನ ಮುಗಿಸಿ ಕತ್ತು ಚಾಚಿದ.

"ಎಲ್ಲಿ, ತೋರ್ಸು."

ತೋರಿಸಿದೆ. ಹನ್ನೊಂದು ತಾರೀಕು, ಒಂದೊಂದರ ಮುಂದೆ ಬೆಳಿಗ್ಗೆ ಕೋಲು ಇಲ್ಲ, ಸಂಜೆ ಕೋಲು ಇಲ್ಲ.

ಅವನು ಪುಟ ಮಗುಚಿ ಹಿಂಬದಿಯನ್ನೂ ನೋಡಿದ.

"ತಮಾಷೆ ಮಾಡ್ತೀಯಾ ದೊಡ್ಡಮ್ಮ?"

"ನಿನ್ನ ಹಂಗೆ ಓದಿಲ್ಲಪ್ಪ ನಾನು. ಕಂಡಿದ್ದು ಬರೆಯೋದು ಮಾತ್ರ ಕಲ್ತಿದ್ದು."

"ಆಯ್ತು, ಬಿಡು. ಹಳೇದನ್ನ ಕೊಡು. ಭಾರತಮ್ಮನ ಕೈಲಿ ಬರೆಸ್ಕೊಳ್ತೀನಿ."

"ಅವಳು ಬರೀತಾಳಾ?"

ಅವನು ಹೊಸ ನೋಟ್‌ಬುಕ್ಕನ್ನು ಸೂಟ್‌ಕೇಸಿಗೆ ತುರುಕಿದ. ಕೇಳಿ, ಬೈಸಿಕೊಂಡು, ಆಮೇಲೆ ಇಲ್ಲಿಗೆ ಬಂದಿದ್ದಾನೆಂದು ತಿಳಿಯಿತು.

"ಹಳೇದು ಮನೇಲಿಲ್ಲ, ಶಾಲೇಲೈತೆ" ಎಂದೆ. "ಬಾ."

ನಮ್ಮೂರ ಶಾಲೆಯಲ್ಲಿ ಮೆಹರ್ ಬಾನು ಮೂರನೇ ಕ್ಲಾಸಿಗೆ ಪಾಠ ಹೇಳುತ್ತಾರೆ. ನಮ್ಮ ರಾತ್ರಿ ಶಾಲೆಯ ಮೇಷ್ಟ್ರೂ ಅವರೇ. ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ವಿಷಯ ಹೇಳಿದೆ. ಬೀರು ತೆರೆದು ನೋಟ್‌ಬುಕ್ಕು ತೆಗೆದರು. ಮೂಲೆಗಳು ನಾಯಿಕಿವಿಯ ಹಾಗೆ ಮಡಿಚಿಕೊಂಡಿದ್ದವು, ಪುಟಗಳಲ್ಲಿ ಎಣ್ಣೆ ಕೈಯ ಗುರುತು.

"ಇಷ್ಟು ಗಲೀಜು ಯಾಕಾಯ್ತು?" ಚನ್ನರಾಯಪ್ಪ ಕೇಳಿದ.

"ಐದು ವರ್ಷದಿಂದ ಇದೇ ನಮ್ಮ ಓದೋ ಪುಸ್ತಕ ಸಾರ್" ಎಂದರು ಮೆಹರ್ ಬಾನು. "ಹೊಸದಾಗಿ ಸೇರಿದ ಹೆಂಗಸರಿಗೆ ಮೊದಲು ಇದನ್ನೇ ಕೊಡ್ತೀನಿ. ಅಂಕಿ ಇದೆ, ತಾರೀಕಿದೆ. ಈ ಪುಟ ಬಹಳ ಸುಲಭ ನೋಡಿ, 'ಕೋಲು ಇಲ್ಲ, ಕೋಲು ಇಲ್ಲ'. ಕೊನೆಗೆ ಬಂದಾಗ ಎಲ್ರೂ ನಗ್ತಾರೆ. ಊರಲ್ಲಿ ಓದು ಕಲಿತ ನಲವತ್ತು ಜನಕ್ಕೂ ಈ ಪುಟ ಬಾಯಿಪಾಠ."

ಚನ್ನರಾಯಪ್ಪ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟ. ಮೊಣಕಾಲು ಎದೆಗೆ ಬಂತು.

"ಆ ಹಾಲೆಂಡಿನವನ ಕಾಗದ ಕೊಡು. ಏನು ಬರ್ದವ್ನೆ ಕೇಳೋಣ" ಎಂದೆ.

ಸೂಟ್‌ಕೇಸಿನಿಂದ ಒಂದು ಕಟ್ಟು ತೆಗೆದು ಕೊಟ್ಟ, ಯಾವುದು ಯಾವುದೆಂದು ನೋಡುವ ಚೈತನ್ಯವೂ ಅವನಿಗೆ ಉಳಿದಿರಲಿಲ್ಲ. ಮೆಹರ್ ಬಾನು ಕನ್ನಡಕ ಹಾಕಿಕೊಂಡು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಪ್ರಬಂಧ ಒಟ್ಟಿನಲ್ಲಿ ಚೆನ್ನಾಗಿದೆ. ಬೇರೆ ದಿನಗಳ ಅಳತೆ ಒರಟಾಗಿ, ಏರುಪೇರಾಗಿ ಇದೆ, ನಂಬುವಂತಿದೆ. ಈ ಹನ್ನೊಂದು ದಿನದ್ದು ಸೂತ್ರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ನೀರಿನ ಮುಂದೆ ನಿಂತ ಯಾರೂ ಹೀಗೆ ಅಳೆಯಲಾರರು. ಅಳೆದವರ ಪುಸ್ತಕವನ್ನು ನೋಡಬಯಸುತ್ತೇನೆ.

"ನಂಬುವಂತಿದೆ ಅಂದ್ರೆ ದೊಡ್ಡಮ್ಮಂದು" ಎಂದರು ಮೆಹರ್ ಬಾನು, ಅವನತ್ತ ನೋಡದೆ. ಪ್ರಬಂಧದ ಕೃತಜ್ಞತೆಯ ಪುಟವೂ ಆ ಕಟ್ಟಿನಲ್ಲಿತ್ತು. ಅದನ್ನೂ ಓದಿದರು. ಗೈಡಿಗೆ, ಸಂಸ್ಥೆಗೆ, ಹೆಂಡತಿಗೆ, ಅಳತೆ ಮಾಡಿಕೊಟ್ಟ 'ತರಬೇತಿ ಪಡೆದ ತಾಂತ್ರಿಕ ಸಹಾಯಕ'ನಿಗೆ ವಂದನೆಗಳು.

"ಅವನ್ಯಾರು?" ಎಂದೆ.

"ನೀನೇ ದೊಡ್ಡಮ್ಮ" ಎಂದ ಚನ್ನರಾಯಪ್ಪ, ನೆಲ ನೋಡುತ್ತ. "ಬಟ್ಟೆ ಒಗೆಯೋಳು ಅಂತ ಬರೆಯೋಕಾಗ್ತದಾ?"

"ಬಟ್ಟೆ ಒಗೆದಿದ್ದು ನಿಜ. ಗಂಡಸಾಗಿದ್ದು ಯಾವಾಗ?"

ಮೆಹರ್ ಬಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಟ್ಟಿನ ಕೆಳಗೆ ಇನ್ನೊಂದು ಲಕೋಟೆ ಇತ್ತು. ಅಂಟಿಸಿದ್ದು, ವಿಳಾಸ ಬರೆದದ್ದು, ಸ್ಟಾಂಪು ಹಚ್ಚಿದ್ದು, ಅಂಚುಗಳು ಕೊಳೆಯಾಗಿ ಸವೆದದ್ದು. ಅದು ಏನೆಂದು ಕೇಳಿದರು. ಪ್ರಶ್ನೆ ಬಂದ ವಾರವೇ ಬರೆದ ಉತ್ತರವಂತೆ. ಒಡೆದು ಓದಲು ಹೇಳಿದೆ, ಅವನು ತಡೆಯಲಿಲ್ಲ.

ಆ ಹನ್ನೊಂದು ದಿನ ಅಳತೆ ಆಗಿಲ್ಲ, ಅಂಕಿಗಳನ್ನು ನಾನು ಸೂತ್ರದಿಂದ ತುಂಬಿದ್ದೇನೆ, ತಪ್ಪಾಯಿತು, ಆ ಕೋಷ್ಟಕವನ್ನೂ ಅದನ್ನು ನಂಬಿದ ಅಧ್ಯಾಯವನ್ನೂ ತೆಗೆದು ಉಳಿದದ್ದನ್ನು ತಿದ್ದಿ ಕೊಡಲು ಅವಕಾಶ ಕೊಡಿ, ಅಳೆದವರು ನನ್ನ ತಾಯಿಯ ಅಕ್ಕ ಆದಿಲಕ್ಷ್ಮಮ್ಮನವರು, ಅವರ ಪುಸ್ತಕ ಲಗತ್ತಿಸಿದೆ. ಒಂದು ಪುಟ, ಅಷ್ಟೆ.

"ಇಷ್ಟು ನೆಟ್ಟಗೆ ಬರ್ದೋನು ಯಾಕೆ ಕಳಿಸ್ಲಿಲ್ಲ?"

"ಗೈಡ್ ಸಾರ್ ಬೇಡ ಅಂದ್ರು. ಹೆಂಗಾದ್ರೂ ಮಾಡಿ ಪುಸ್ತಕ ಒದಗಿಸು, ಒಪ್ಕೊಂಡ್ರೆ ನನ್ನ ಹೆಸರೂ ಹೋಗ್ತದೆ ಅಂದ್ರು. ದೊಡ್ಡ ಅಲೆ ತೆಗೆದ್ರೆ ಪ್ರಬಂಧದಲ್ಲಿ ಏನೂ ಉಳಿಯಲ್ಲ ದೊಡ್ಡಮ್ಮ. ಚಿಕ್ಕ ಅಲೆ ಮಾತ್ರ."

"ಇದ್ದಿದ್ದೇ ಚಿಕ್ಕದು" ಎಂದೆ.

ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ಅವನ ಮೇಲೆ ಕನಿಕರ ಬರುತ್ತಿತ್ತೇನೊ. ನನಗೆ ಬರಲಿಲ್ಲ. ಒಂದು ಪುಟದ ನಿಜವನ್ನು ಅಂಟು ಹಚ್ಚಿ ಮುಚ್ಚಿ, ಅದರ ಪಕ್ಕದಲ್ಲೇ ಖಾಲಿ ನೋಟ್‌ಬುಕ್ಕು ಇಟ್ಟುಕೊಂಡು, ಮಾಲೂರು ಬೆಂಗಳೂರು ಎಂದು ರೈಲಿನಲ್ಲಿ ಓಡಾಡಿದವನು. ಗೊತ್ತಿಲ್ಲದೆ ತಪ್ಪು ಮಾಡುವವರನ್ನು ನಾನು ಜೀವಮಾನವಿಡೀ ಕಂಡಿದ್ದೇನೆ, ಅವರ ಜೊತೆ ಕೂತು ಉಂಡಿದ್ದೇನೆ. ಗೊತ್ತಿದ್ದೂ ಬರೆದಿಟ್ಟು, ಬರೆದದ್ದನ್ನು ಹೊತ್ತು ತಿರುಗುವವನನ್ನು ಏನೆನ್ನಬೇಕೋ ರಾತ್ರಿ ಶಾಲೆಯಲ್ಲಿ ಹೇಳಿಕೊಟ್ಟಿಲ್ಲ.

"ಈಗೇನು ಮಾಡ್ತೀಯ?" ಎಂದೆ. "ಹೊಸ ಪುಸ್ತಕ ಕಳಿಸಿದ್ರೆ ಈ ಊರಲ್ಲಿ ನಲವತ್ತು ಸಾಕ್ಷಿ. ಏನೂ ಕಳಿಸದಿದ್ರೆ ಮೂವತ್ತೊಂದಕ್ಕೆ ಹೆಸರು ಹೊಡೀತಾರೆ. ಇದನ್ನ ಕಳಿಸಿದ್ರೆ?"

"ಒಪ್ಪಿದ್ರೂ ಒಪ್ಪಬಹುದು. ಇನ್ನೊಂದು ವರ್ಷ ತಿದ್ದೋಕೆ ಕೊಡಬಹುದು. ಒದ್ದು ಓಡಿಸಲೂಬಹುದು."

"ಸರಿ. ಒಂದೂವರೆ ಬಸ್ಸೈತೆ, ಏಳು."

ಮೆಹರ್ ಬಾನು ಕಾಗದದ ಕೊನೆಗೆ ಇವತ್ತಿನ ತಾರೀಕು ಹಾಕಿಸಿದರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಇದರಲ್ಲಿ ಬರೆದಿರುವುದು ನಾನು ಕಂಡದ್ದು, ಎಂದು ಬರೆದು ರುಜು ಹಾಕಿದೆ. ಪುಸ್ತಕ ವಾಪಸು ಕಳಿಸಬೇಕೆಂದು ಇನ್ನೊಂದು ಸಾಲನ್ನು ಮೆಹರ್ ಬಾನು ಇಂಗ್ಲಿಷಿನಲ್ಲಿ ಸೇರಿಸಿದರು, ರಾತ್ರಿ ಶಾಲೆಗೆ ಬೇರೆ ಪುಸ್ತಕವಿಲ್ಲ ಎಂದು.

ಅವನೊಬ್ಬನನ್ನೇ ಕಳಿಸಲು ನನಗೆ ನಂಬಿಕೆ ಬರಲಿಲ್ಲ. ನಾನೂ ಹತ್ತಿದೆ. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮೂರ ಚಿಕ್ಕಗಂಗಮ್ಮ ಅವನನ್ನು ನೋಡಿ, "ಡಾಕ್ಟ್ರು ಬಂದವ್ರೆ, ನನ್ನ ಮಂಡಿ ನೋವಿಗೆ ಏನಾದ್ರೂ ಹೇಳ್ತಾರಾ?" ಎಂದಳು.

"ಇವನಿಗೇ ಬೆನ್ನಿನ ಮೂಳೆ ಇಲ್ಲ, ನಿನ್ನ ಮಂಡಿ ಏನು ನೋಡ್ತಾನೆ" ಎಂದೆ.

ಮುಳಬಾಗಿಲು ಪೋಸ್ಟಾಫೀಸು ತಲುಪಿದಾಗ ಎರಡೂಮುಕ್ಕಾಲು. ಹಳೆಯ ಲಕೋಟೆಗೆ ನೋಟ್‌ಬುಕ್ಕು ಹಿಡಿಸಲಿಲ್ಲ. ಎದುರಂಗಡಿಯಲ್ಲಿ ದೊಡ್ಡ ಲಕೋಟೆ ತಂದು, ಎರಡನ್ನೂ ಒಳಗಿಟ್ಟು, ವಿಳಾಸ ಬರೆದು ಅಂಟಿಸಿದ. ಕಿಟಕಿಯ ಮುಂದೆ ನಮ್ಮ ಸರದಿ ಬಂತು. ಅವನು ಲಕೋಟೆಯನ್ನು ಎದೆಗೆ ಹಿಡಿದು ನಿಂತ.

"ದೊಡ್ಡಮ್ಮ, ಐದೇ ನಿಮಿಷ. ಟ್ರಂಕ್ ಕಾಲ್ ಬುಕ್ ಮಾಡಿ ಗೈಡ್ ಸಾರನ್ನ ಒಂದು ಮಾತು ಕೇಳ್ಬಿಡ್ತೀನಿ."

ಕಿಟಕಿಯ ಒಳಗಿದ್ದ ಗುಮಾಸ್ತರು ಗೋಡೆ ಗಡಿಯಾರ ನೋಡಿದರು. "ಏನ್ ಸಾರ್, ಕೊಡ್ತೀರೋ, ಮುಚ್ಲೋ?"

ನಾನು ಅವನ ಕೈಯಿಂದ ಲಕೋಟೆ ತೆಗೆದುಕೊಂಡೆ. ಎಳೆಯಬೇಕಾಗಲಿಲ್ಲ; ಬೆರಳುಗಳು ಸಡಿಲವಾಗಿಯೇ ಇದ್ದವು, ಯಾರಾದರೂ ತೆಗೆದುಕೊಳ್ಳಲಿ ಎಂದು ಕಾದ ಹಾಗೆ. ಅದಕ್ಕೂ ಒಬ್ಬರು ಬೇಕಾಯಿತು ಅವನಿಗೆ. ಕಿಟಕಿಯೊಳಗೆ ನೂಕಿದೆ. ಗುಮಾಸ್ತರು ತೂಕ ಹಾಕಿ, ಸ್ಟಾಂಪು ಹಚ್ಚಿ, ಮುದ್ರೆಯನ್ನು ಎರಡು ಸಲ ಗುದ್ದಿ, ಹಿಂದೆ ಬಾಯಿ ತೆರೆದಿದ್ದ ಚೀಲಕ್ಕೆ ಎಸೆದರು.